ಕೆಲಸ ಬಿಟ್ಟ ಮೇಲೆ ಗ್ರೂಪಿನಿಂದ ತೆಗೆದರೆ: ಮುಂಚೆ ಏನು ಮಾಡಬೇಕು, ಆಮೇಲೆ ಏನು ಮಾಡಬೇಕು

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಗಿಣಿಗೇರಾ ಸುತ್ತಲಿನ ಕಬ್ಬಿಣದ ಘಟಕಗಳು, ಶಕ್ತಿನಗರದ ವಿದ್ಯುತ್ ಸ್ಥಾವರ, ಸಿಂಧನೂರು-ಕಾರಟಗಿಯ ಅಕ್ಕಿ ಗಿರಣಿ, ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕ, ಊರಿನ ಖಾಸಗಿ ಶಾಲೆ. ಕೆಲಸ ಎಲ್ಲೇ ಇರಲಿ, ಇವತ್ತು ಡ್ಯೂಟಿ ಹಂಚುವುದು ವಾಟ್ಸಾಪ್ ಗ್ರೂಪಿನಲ್ಲಿ. ಯಾರು ಯಾವ ಶಿಫ್ಟ್, ಯಾರು ಎಷ್ಟು ತಾಸು ಓಟಿ, ಅಂದರೆ ಹೆಚ್ಚುವರಿ ಡ್ಯೂಟಿ ಮಾಡಿದರು, ಹಾಜರಿ ಪುಸ್ತಕದ ಫೋಟೊ, ರಜೆ ಕೇಳಿದ್ದು, ಸಾಹೇಬರು "ಆಯ್ತು" ಅಂದಿದ್ದು, ಎಲ್ಲ ಅಲ್ಲೇ ಇರುತ್ತದೆ. ಹಾಗಾಗಿ ನಮಗೆ ಪದೇ ಪದೇ ಬರುವ ಪ್ರಶ್ನೆ ಒಂದೇ: "ಕೆಲಸ ಬಿಟ್ಟ ದಿನವೇ ಗ್ರೂಪಿನಿಂದ ತೆಗೆದರು. ನನ್ನ ಓಟಿ ಲೆಕ್ಕ ಅದರಲ್ಲೇ ಇತ್ತು. ಈಗ ಏನು ಮಾಡಲಿ?"

ಕೆಲಸ ಬಿಟ್ಟವರನ್ನು ಗ್ರೂಪಿನಿಂದ ತೆಗೆಯುವುದು ತಪ್ಪಲ್ಲ. ಅಲ್ಲಿ ಉಳಿಯುವ ಹಕ್ಕು ಯಾರಿಗೂ ಇಲ್ಲ, ಅದನ್ನು ಅವಮಾನ ಅಂತ ಎದೆಗೆ ಹಚ್ಚಿಕೊಳ್ಳಬೇಕಾಗಿಯೂ ಇಲ್ಲ. ಆದರೆ ನೀವು ದುಡಿದ ತಾಸುಗಳ ದಾಖಲೆ ನಿಮ್ಮದು. ಪಗಾರ ಬಾಕಿ ಉಳಿದಾಗ ಅದೇ ನಿಮ್ಮ ಸಾಕ್ಷಿ. ಅದನ್ನು ಯಾವಾಗ, ಹೇಗೆ ತೆಗೆದಿಟ್ಟುಕೊಳ್ಳಬೇಕು, ತೆಗೆದಿಟ್ಟಿರದಿದ್ದರೆ ಏನು ಮಾಡಬಹುದು ಎಂಬುದನ್ನು ಹಂತ ಹಂತವಾಗಿ ಕೆಳಗೆ ಕೊಟ್ಟಿದ್ದೇವೆ.

ಗ್ರೂಪಿನಿಂದ ತೆಗೆದಾಗ ಹೋಗುವುದೇನು, ಉಳಿಯುವುದೇನು

ಬಹಳ ಜನ ತಿಳಿದುಕೊಂಡಿರುವುದು, ತೆಗೆದ ಕೂಡಲೇ ಎಲ್ಲ ಅಳಿಸಿ ಹೋಗುತ್ತದೆ ಅಂತ. ಹಾಗಾಗುವುದಿಲ್ಲ. ವಾಟ್ಸಾಪಿನ ಹಳೆಯ ಮೆಸೇಜುಗಳು ಇರುವುದು ನಿಮ್ಮ ಫೋನಿನೊಳಗೆ. ಅಡ್ಮಿನ್, ಅಂದರೆ ಗ್ರೂಪ್ ನಡೆಸುವವರು ನಿಮ್ಮನ್ನು ತೆಗೆದರೂ ಅಲ್ಲಿಯವರೆಗಿನ ಮಾತುಕತೆ ನಿಮ್ಮ ಫೋನಿನಲ್ಲಿ ಇದ್ದ ಹಾಗೇ ಇರುತ್ತದೆ. ಓದಬಹುದು, ಹುಡುಕಬಹುದು, ಹೊರಗೂ ತೆಗೆಯಬಹುದು. ಹೊಸ ಮೆಸೇಜ್ ಮಾತ್ರ ಬರುವುದಿಲ್ಲ, ನೀವು ಬರೆದರೂ ಹೋಗುವುದಿಲ್ಲ. ತೆಗೆದಾಗ ಫೋನು ಸದ್ದು ಮಾಡುವುದಿಲ್ಲ. ಆ ಗ್ರೂಪ್ ತೆರೆದಾಗಲೇ ಕೊನೆಯ ಸಾಲಿನಲ್ಲಿ ಗೊತ್ತಾಗುತ್ತದೆ.

ಹಾಗಾದರೆ ದಾಖಲೆ ಕಳೆದುಕೊಳ್ಳುವುದು ಹೇಗೆ? ನಾವು ನೋಡಿದ ಹಾಗೆ ಮೂರು ದಾರಿಯಲ್ಲಿ. ಸಿಟ್ಟಿನಲ್ಲಿ "ಡಿಲೀಟ್ ಗ್ರೂಪ್" ಒತ್ತುವುದು ಮೊದಲನೆಯದು. ಕಂಪನಿ ಕೊಟ್ಟ ಸಿಮ್ಮನ್ನೋ ಫೋನನ್ನೋ ಹಾಗೇ ವಾಪಸ್ ಕೊಟ್ಟುಬಿಡುವುದು ಎರಡನೆಯದು. ಫೋಟೊಗಳನ್ನು ಡೌನ್‌ಲೋಡ್ ಮಾಡದೆ ಬಿಟ್ಟಿರುವುದು ಮೂರನೆಯದು. ಮೂರನ್ನೂ ತಡೆಯಬಹುದು.

ಇದೆಲ್ಲ ವಾಟ್ಸಾಪಿಗೆ ಮಾತ್ರ ಅನ್ವಯಿಸುತ್ತದೆ. ಟೆಲಿಗ್ರಾಂ ಗ್ರೂಪಿನಿಂದ ತೆಗೆದರೆ ಸಾಮಾನ್ಯವಾಗಿ ಹಳೆಯ ಮಾತುಕತೆಯೇ ಕಣ್ಣಿಗೆ ಬೀಳುವುದಿಲ್ಲ. ಕಂಪನಿಯ ಇಮೇಲ್, ಟೀಮ್ಸ್, ಗೂಗಲ್ ಚಾಟ್ ಬಳಸುತ್ತಿದ್ದರೆ ಲಾಗಿನ್ನೇ ಬಂದ್ ಆಗುತ್ತದೆ. ಅಂಥ ಕಡೆ ಕೆಲಸ ಮಾಡುವವರು ಹಂತ 1ರಿಂದ 3ರವರೆಗಿನದನ್ನು ರಾಜೀನಾಮೆ ಕೊಡುವ ಮೊದಲೇ ಮುಗಿಸಿರಬೇಕು.

ಬೇಕಾಗುವ ಸಾಮಾನು

ನಿಮ್ಮ ಸ್ವಂತ ಇಮೇಲ್ ಒಂದು. ನಿಮ್ಮದೇ ಆಧಾರ್ ಕೊಟ್ಟು ತೆಗೆದ ಸಿಮ್ ಒಂದು. ಫೋನಿನಲ್ಲಿ ಒಂದೆರಡು ಜಿಬಿ ಖಾಲಿ ಜಾಗ. ನಿಮ್ಮ 12 ಅಂಕಿಯ ಯುಎಎನ್, ಅಂದರೆ ಪಿಎಫ್ ಖಾತೆಗೆಲ್ಲ ಒಂದೇ ಆಗಿರುವ ಕಾಯಂ ಸಂಖ್ಯೆ. ಒಂದು ನೋಟ್‌ಬುಕ್. ಸಮಯ ಹೆಚ್ಚೆಂದರೆ ಎರಡು ತಾಸು.

ಹಂತ 1: ಯಾವುದು ನಿಮ್ಮದು, ಯಾವುದು ಕಂಪನಿಯದು ಅಂತ ಬೇರೆ ಮಾಡಿ

ಗ್ರೂಪಿನಲ್ಲಿದ್ದದ್ದನ್ನೆಲ್ಲ ಬಾಚಿಕೊಂಡು ಹೋಗುವುದು ತಪ್ಪು, ಅಪಾಯವೂ ಹೌದು. ನಿಮ್ಮ ಹಾಜರಿ, ನಿಮ್ಮ ಶಿಫ್ಟ್ ಪಟ್ಟಿ, ಓಟಿ ತಾಸು, ರಜೆ ಕೇಳಿದ್ದು ಮತ್ತು ಒಪ್ಪಿದ್ದು, ಪಗಾರದ ಬಗ್ಗೆ ಮೇಲಿನವರು ಬರೆದ ಮಾತು, ಕೆಲಸದಲ್ಲಿ ಪೆಟ್ಟಾಗಿದ್ದರೆ ಅದರ ಫೋಟೊ ಮತ್ತು ಮೆಸೇಜು, ಸಾಮಾನು ಒಪ್ಪಿಸಿದ ದಾಖಲೆ: ಇವು ನಿಮಗೆ ಬೇಕು. ಗಿರಾಕಿಗಳ ಪಟ್ಟಿ, ಖರೀದಿ ದರ, ಯಂತ್ರದ ಡ್ರಾಯಿಂಗ್, ಉತ್ಪಾದನೆಯ ಅಂಕಿ, ಬೇರೆ ಕೆಲಸಗಾರರ ಆಧಾರ್ ಪ್ರತಿ ಅಥವಾ ಬ್ಯಾಂಕ್ ವಿವರ: ಇವನ್ನು ಮುಟ್ಟಬೇಡಿ. ನಾಳೆ ನೀವು ಬಾಕಿ ಕೇಳಲು ಹೋದಾಗ "ಇವನು ಕಂಪನಿಯ ಗುಟ್ಟು ಕದ್ದಿದ್ದಾನೆ" ಎಂಬ ಮಾತು ಎದ್ದರೆ ನಿಮ್ಮ ನ್ಯಾಯದ ಬೇಡಿಕೆಯೂ ಅದರಡಿ ಹೂತುಹೋಗುತ್ತದೆ.

ನೋಟ್‌ಬುಕ್ಕಿನಲ್ಲಿ ತಿಂಗಳುವಾರು ಬರೆಯಿರಿ: ಯಾವ ತಿಂಗಳು, ಎಷ್ಟು ಹಾಜರಿ, ಎಷ್ಟು ತಾಸು ಓಟಿ, ಎಷ್ಟು ಪಗಾರ ಬಂತು, ಎಷ್ಟು ಉಳಿಯಿತು. ಪ್ರತಿ ಸಾಲಿನ ಮುಂದೆ ಅದಕ್ಕೆ ಸಾಕ್ಷಿಯಾದ ಮೆಸೇಜಿನ ತಾರೀಕು ಹಾಕಿ. ಈ ಒಂದು ಪುಟ ಇದ್ದರೆ ಮುಂದಿನ ಎಲ್ಲ ಹಂತ ಹಗುರ.

ಹಂತ 2: ಫೋಟೊ, ಪಿಡಿಎಫ್, ಧ್ವನಿ ಮೆಸೇಜುಗಳನ್ನು ಮೊದಲು ಇಳಿಸಿಕೊಳ್ಳಿ

ಹಾಜರಿ ಪುಸ್ತಕದ ಫೋಟೊ ಮಸುಕಾಗಿ ಕಾಣುತ್ತಿದೆ, ಮೇಲೆ ಕೆಳಮುಖದ ಬಾಣ ಇದೆ ಅಂದರೆ ಅದು ಇನ್ನೂ ನಿಮ್ಮ ಫೋನಿಗೆ ಬಂದಿಲ್ಲ ಅಂತ ಅರ್ಥ. ನೆಟ್ ಉಳಿಸಲು ಆಟೊ ಡೌನ್‌ಲೋಡ್ ಬಂದ್ ಮಾಡಿಟ್ಟವರಿಗೆಲ್ಲ ಇದೇ ತೊಂದರೆ. ವಾಟ್ಸಾಪ್ ಆ ಫೋಟೊವನ್ನು ತನ್ನ ಬಳಿ ಕಾಯಂ ಇಟ್ಟುಕೊಳ್ಳುವುದಿಲ್ಲ. ಬಹಳ ದಿನ ಬಿಟ್ಟು ಒತ್ತಿದರೆ, ಕಳಿಸಿದವರಿಗೇ ಮತ್ತೆ ಕಳಿಸಲು ಹೇಳಿ ಎಂಬ ಸೂಚನೆ ಬರುತ್ತದೆ. ಗ್ರೂಪಿನಿಂದ ಹೊರಬಿದ್ದ ಮೇಲೆ ಯಾರಿಗೆ ಹೇಳುತ್ತೀರಿ?

ಗ್ರೂಪಿನ ಹೆಸರಿನ ಮೇಲೆ ಒತ್ತಿದರೆ ಫೋಟೊ, ದಾಖಲೆ, ಲಿಂಕ್ ಎಲ್ಲ ಒಂದೆಡೆ ಸಿಗುತ್ತವೆ. ಬೇಕಾದ್ದನ್ನು ಒಂದೊಂದಾಗಿ ತೆರೆಯಿರಿ.

ಇಲ್ಲಿ ಒಂದು ಎಚ್ಚರಿಕೆ. ಕೆಲವು ಗ್ರೂಪುಗಳಲ್ಲಿ ಮೆಸೇಜುಗಳು ತಾವೇ ಮಾಯವಾಗುವ ವ್ಯವಸ್ಥೆ ಹಾಕಿರುತ್ತಾರೆ. ಅವಧಿ 24 ತಾಸು, 7 ದಿನ ಅಥವಾ 90 ದಿನ. ಗ್ರೂಪಿನ ವಿವರದ ಪುಟದಲ್ಲಿ "ಡಿಸಪಿಯರಿಂಗ್ ಮೆಸೇಜಸ್" ಎಂಬ ಸಾಲು ನೋಡಿ. ಅದು ಆನ್ ಇದ್ದರೆ ತಿಂಗಳ ಕೊನೆಯವರೆಗೆ ಕಾಯಬೇಡಿ, ವಾರ ವಾರಕ್ಕೆ ಸ್ಕ್ರೀನ್‌ಶಾಟ್ ತೆಗೆದಿಡಿ. ನೀವು ಗ್ರೂಪಿನಲ್ಲಿ ಇರುವವರೆಗೆ ಅಡ್ಮಿನ್ ಯಾರದೇ ಮೆಸೇಜನ್ನು ಎಲ್ಲರ ಫೋನಿನಿಂದ ಅಳಿಸಬಹುದು ಎಂಬುದೂ ನೆನಪಿರಲಿ.

ಹಂತ 3: ಸ್ಕ್ರೀನ್‌ಶಾಟ್ ಸರಿಯಾಗಿ ತೆಗೆಯಿರಿ

ಬರೀ ಮೆಸೇಜಿನ ತುಂಡು ತೆಗೆದಿಟ್ಟರೆ ಸಾಲದು. ಒಂದೇ ಚಿತ್ರದಲ್ಲಿ ಮೇಲೆ ಗ್ರೂಪಿನ ಹೆಸರು, ನಡುವೆ ತಾರೀಕಿನ ಪಟ್ಟಿ, ಕಳಿಸಿದವರ ಹೆಸರು, ಮೆಸೇಜಿನ ವೇಳೆ ನಾಲ್ಕೂ ಕಾಣಬೇಕು. ಮೆಸೇಜುಗಳನ್ನು ಸ್ವಲ್ಪ ಮೇಲೆ ಕೆಳಗೆ ಸರಿಸಿದರೆ ತಾರೀಕು ಎದ್ದು ಕಾಣುತ್ತದೆ, ಆಗ ತೆಗೆಯಿರಿ.

ನಿಮ್ಮ ಫೋನಿನಲ್ಲಿ ಸೂಪರ್‌ವೈಸರ್ ಹೆಸರನ್ನು "ಮೇಸ್ತ್ರಿ ಅಣ್ಣ" ಅಂತ ಸೇವ್ ಮಾಡಿಕೊಂಡಿದ್ದರೆ ಸ್ಕ್ರೀನ್‌ಶಾಟಿನಲ್ಲೂ ಅದೇ ಬರುತ್ತದೆ. ಅದು ಯಾರು ಎಂದು ಮೂರನೆಯವರಿಗೆ ತಿಳಿಯುವುದಿಲ್ಲ. ಆದ್ದರಿಂದ ಅವರ ಹೆಸರಿನ ಮೇಲೆ ಒತ್ತಿ, ಮೊಬೈಲ್ ನಂಬರ್ ಕಾಣುವ ಪುಟದ ಸ್ಕ್ರೀನ್‌ಶಾಟನ್ನೂ ಒಂದು ಸಲ ತೆಗೆದಿಡಿ. ಗ್ರೂಪಿನ ಸದಸ್ಯರ ಪಟ್ಟಿಯಲ್ಲಿ ಅಡ್ಮಿನ್ ಯಾರು ಎಂಬುದು ಕಾಣುವ ಹಾಗೆಯೂ ಒಂದು ಇರಲಿ.

ಬಹಳ ಜನ ಇಲ್ಲಿ ಎಡವುವುದು ಫಾರ್ವರ್ಡ್ ಮಾಡುವುದರಲ್ಲಿ. ಮುಖ್ಯ ಮೆಸೇಜನ್ನು ತಮ್ಮ ನಂಬರಿಗೋ ಹೆಂಡತಿಯ ನಂಬರಿಗೋ ಫಾರ್ವರ್ಡ್ ಮಾಡಿ, ಸುರಕ್ಷಿತವಾಗಿದೆ ಅಂದುಕೊಳ್ಳುತ್ತಾರೆ. ಫಾರ್ವರ್ಡ್ ಆದ ಮೆಸೇಜಿನಲ್ಲಿ ಮೂಲ ತಾರೀಕೂ ಇರುವುದಿಲ್ಲ, ಮೊದಲು ಕಳಿಸಿದವರ ಹೆಸರೂ ಇರುವುದಿಲ್ಲ. ನೀವು ಫಾರ್ವರ್ಡ್ ಮಾಡಿದ ದಿನವೇ ತಾರೀಕಾಗಿ ಕೂರುತ್ತದೆ. ಸಾಕ್ಷಿಯಾಗಿ ಅದಕ್ಕೆ ಬೆಲೆ ತೀರಾ ಕಡಿಮೆ.

ಹಂತ 4: ಇಡೀ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ

ಎಕ್ಸ್‌ಪೋರ್ಟ್ ಅಂದರೆ ಗ್ರೂಪಿನ ಮಾತುಕತೆಯನ್ನು ಒಂದು ಕಡತವಾಗಿ ಹೊರತೆಗೆಯುವುದು. ಆಂಡ್ರಾಯ್ಡ್ ಫೋನಿನಲ್ಲಿ ಗ್ರೂಪ್ ತೆರೆದು, ಮೇಲಿನ ಬಲಮೂಲೆಯ ಮೂರು ಚುಕ್ಕಿ, ಅದರಲ್ಲಿ "ಮೋರ್", ಅದರಲ್ಲಿ "ಎಕ್ಸ್‌ಪೋರ್ಟ್ ಚಾಟ್". ಐಫೋನಿನಲ್ಲಿ ಗ್ರೂಪಿನ ಹೆಸರಿನ ಮೇಲೆ ಒತ್ತಿ ಕೆಳಗೆ ಸರಿಯಿರಿ, ಅಲ್ಲೇ ಇರುತ್ತದೆ. ಫೋಟೊ ಸಮೇತ ಬೇಕೋ ಬರೀ ಅಕ್ಷರ ಸಾಕೋ ಅಂತ ಕೇಳುತ್ತದೆ. ಫೋಟೊ ಸಮೇತ ತೆಗೆದರೆ ಇತ್ತೀಚಿನ 10,000 ಮೆಸೇಜುಗಳವರೆಗೆ, ಬರೀ ಅಕ್ಷರವಾದರೆ 40,000 ಮೆಸೇಜುಗಳವರೆಗೆ ಬರುತ್ತದೆ. ನೂರಾರು ಜನರಿರುವ ಶಿಫ್ಟ್ ಗ್ರೂಪಿನಲ್ಲಿ "ಗುಡ್ ಮಾರ್ನಿಂಗ್" ಚಿತ್ರಗಳೇ ಸಾವಿರಗಟ್ಟಲೆ ಇರುವುದರಿಂದ 10,000 ಬೇಗ ಮುಗಿಯುತ್ತದೆ. ನಮ್ಮ ಸಲಹೆ: ಮೊದಲು ಫೋಟೊ ಇಲ್ಲದೆ ಒಮ್ಮೆ, ಆಮೇಲೆ ಫೋಟೊ ಸಮೇತ ಒಮ್ಮೆ ತೆಗೆಯಿರಿ.

ಕಡತವನ್ನು ನಿಮ್ಮ ಸ್ವಂತ ಇಮೇಲಿಗೆ ಅದೇ ದಿನ ಕಳಿಸಿಕೊಳ್ಳಿ. ಕಡತ ಯಾವ ದಿನ ತೆಗೆದದ್ದು ಎಂಬುದಕ್ಕೆ ಆ ಇಮೇಲಿನ ತಾರೀಕೇ ಗುರುತಾಗುತ್ತದೆ. ಅದರಲ್ಲಿ ಕಂಪನಿಯ ದರ, ಗಿರಾಕಿಗಳ ವಿವರ ಸೇರಿಕೊಂಡಿದ್ದರೆ ಕಡತವನ್ನು ಯಾರಿಗೂ ಹಂಚಬೇಡಿ. ಬಾಕಿ ಕೇಳುವಾಗ ನಿಮ್ಮ ಸಂಬಂಧದ ಪುಟಗಳನ್ನಷ್ಟೇ ತೋರಿಸಿ.

ಎಕ್ಸ್‌ಪೋರ್ಟ್ ಒತ್ತಿದರೂ ಆಗುತ್ತಿಲ್ಲ ಎಂಬ ದೂರು ಈಚೆಗೆ ಹೆಚ್ಚಾಗಿದೆ. 2025ರ ಏಪ್ರಿಲ್‌ನಲ್ಲಿ ವಾಟ್ಸಾಪ್ "ಅಡ್ವಾನ್ಸ್ಡ್ ಚಾಟ್ ಪ್ರೈವಸಿ" ಎಂಬ ಸೌಲಭ್ಯ ತಂದಿತು. ಗ್ರೂಪಿನಲ್ಲಿ ಅದನ್ನು ಆನ್ ಮಾಡಿದ್ದರೆ ಯಾರೂ ಚಾಟನ್ನು ಹೊರತೆಗೆಯಲು ಬರುವುದಿಲ್ಲ, ಫೋಟೊಗಳೂ ತಾವಾಗಿ ಇಳಿಯುವುದಿಲ್ಲ. ಅಂಥ ಗ್ರೂಪಿನಲ್ಲಿ ಹಂತ 3ರ ಸ್ಕ್ರೀನ್‌ಶಾಟೇ ದಾರಿ. ಬೇಕಾದ ತಾರೀಕಿಗೆ ಹೋಗಲು ಗ್ರೂಪಿನ ಒಳಗಿನ ಹುಡುಕಾಟದಲ್ಲಿ "ಓಟಿ", "ಹಾಜರಿ", ನಿಮ್ಮ ಹೆಸರು, ನಿಮ್ಮ ಟೋಕನ್ ನಂಬರ್ ಹಾಕಿ ನೋಡಿ. ಅಲ್ಲಿಯ ಕ್ಯಾಲೆಂಡರ್ ಗುರುತು ಒತ್ತಿ ನೇರವಾಗಿ ತಾರೀಕಿಗೂ ಹಾರಬಹುದು.

ಈ ಕಡತ ಅಕ್ಷರದ ಕಡತ, ಯಾರು ಬೇಕಾದರೂ ತಿದ್ದಬಹುದು. ಆದ್ದರಿಂದ ಇದೊಂದೇ ಇದ್ದರೆ ಎದುರಿನವರು ಒಪ್ಪದೆ ಹೋಗಬಹುದು. ಮೂಲ ಮಾತುಕತೆ ಇರುವ ಫೋನೇ ಗಟ್ಟಿ ಸಾಕ್ಷಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ಇಂಥ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಜೊತೆಗೆ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಒಂದನ್ನು ದಾಖಲೆ ಕೊಡುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಕಡತದ ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು. ಹ್ಯಾಶ್ ಅಂದರೆ ಕಡತದ ಹೆಬ್ಬೆಟ್ಟಿನ ಗುರುತಿದ್ದ ಹಾಗೆ. ಒಂದು ಅಕ್ಷರ ಬದಲಾದರೂ ಸಂಖ್ಯೆ ಬದಲಾಗುತ್ತದೆ. ಇದನ್ನು ವಕೀಲರು ನೋಡಿಕೊಳ್ಳುತ್ತಾರೆ. ನಿಮ್ಮ ಪಾಲಿನ ಕೆಲಸ ಫೋನು ಮಾರದಿರುವುದು, ವಾಟ್ಸಾಪ್ ಅಳಿಸದಿರುವುದು.

ಹಂತ 5: ಸಿಮ್ ಕಂಪನಿಯದಾಗಿದ್ದರೆ ಇಲ್ಲಿ ನಿಲ್ಲಿ, ನಿಧಾನವಾಗಿ ಓದಿ

ಗುತ್ತಿಗೆದಾರರೋ ಕಂಪನಿಯವರೋ ಕೊಟ್ಟ ಸಿಮ್ಮಿನಲ್ಲೇ ವಾಟ್ಸಾಪ್ ನಡೆಸುತ್ತಿದ್ದರೆ, ಅದನ್ನು ವಾಪಸ್ ಕೊಟ್ಟ ದಿನ ನಿಮ್ಮ ಕೈಯಿಂದ ಬಹಳಷ್ಟು ಜಾರುತ್ತದೆ. ಆ ನಂಬರ್ ಪಡೆದವರು ತಮ್ಮ ಫೋನಿನಲ್ಲಿ ವಾಟ್ಸಾಪ್ ಶುರು ಮಾಡಿದ ಕೂಡಲೇ ನಿಮ್ಮ ಫೋನಿನಲ್ಲಿ ಅದು ಬಂದ್ ಆಗುತ್ತದೆ. ನಿಮ್ಮ ಮನೆಯವರ ಗ್ರೂಪು, ಮಕ್ಕಳ ಶಾಲೆಯ ಗ್ರೂಪು ಸಹ ಅವರ ಫೋನಿಗೆ ಹೋಗುತ್ತವೆ. ಗೂಗಲ್ ಡ್ರೈವಿನಲ್ಲಿ ಬ್ಯಾಕಪ್, ಅಂದರೆ ಮೆಸೇಜುಗಳ ಇನ್ನೊಂದು ಪ್ರತಿ ಇದೆಯಲ್ಲ ಅಂತ ಧೈರ್ಯ ಬೇಡ: ಬ್ಯಾಕಪ್ ತೆರೆದುಕೊಳ್ಳುವುದು ಅದೇ ನಂಬರಿಗೆ, ಅದೇ ಗೂಗಲ್ ಖಾತೆಗೆ.

ಸಿಮ್ ಕೊಡುವ ಮೊದಲು ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ "ಅಕೌಂಟ್", ಅದರೊಳಗೆ "ಚೇಂಜ್ ನಂಬರ್" ಒತ್ತಿ, ಹಳೆಯ ನಂಬರ್ ಮತ್ತು ನಿಮ್ಮ ಸ್ವಂತ ನಂಬರ್ ಹಾಕಿ. ಹೊಸ ನಂಬರಿಗೆ ಓಟಿಪಿ ಬರುತ್ತದೆ. ಚಾಟುಗಳೆಲ್ಲ ಫೋನಿನಲ್ಲೇ ಉಳಿಯುತ್ತವೆ, ಗ್ರೂಪುಗಳೂ ಹೊಸ ನಂಬರಿಗೆ ಬರುತ್ತವೆ. ಇದು ಮುಗಿದ ಮೇಲೆ ಹೊಸದಾಗಿ ಒಂದು ಬ್ಯಾಕಪ್ ತೆಗೆಯಿರಿ. ಆಮೇಲೆ "ಟೂ ಸ್ಟೆಪ್ ವೆರಿಫಿಕೇಶನ್" ಆನ್ ಮಾಡಿ 6 ಅಂಕಿಯ ಪಿನ್ ಹಾಕಿಕೊಳ್ಳಿ.

ವಾಟ್ಸಾಪಿಗಿಂತ ದೊಡ್ಡ ಪೆಟ್ಟು ಬೀಳುವುದು ಬೇರೆ ಕಡೆ. ಆ ಕಂಪನಿ ನಂಬರನ್ನೇ ಆಧಾರ್‌ಗೆ, ಬ್ಯಾಂಕ್ ಖಾತೆಗೆ, ಯುಎಎನ್‌ಗೆ ಕೊಟ್ಟಿರುತ್ತೀರಿ. ಸಿಮ್ ಹೋದ ಮೇಲೆ ಓಟಿಪಿ ಬರುವುದಿಲ್ಲ, ಪಿಎಫ್ ತೆಗೆಯಲು ಆಗುವುದಿಲ್ಲ. ಆಧಾರ್‌ನ ಮೊಬೈಲ್ ನಂಬರ್ ಮೊದಲು ಬದಲಿಸಿ. ಅದನ್ನು ನೀವೇ ಆಧಾರ್ ಕೇಂದ್ರಕ್ಕೆ ಹೋಗಿ ಮಾಡಿಸಬಹುದು. ಅದು ಆದ ಮೇಲೆ ಬ್ಯಾಂಕು, ಆಮೇಲೆ ಯುಎಎನ್. ಈ ಸರದಿ ತಪ್ಪಿಸಬೇಡಿ, ಏಕೆಂದರೆ ಯುಎಎನ್ ಪೋರ್ಟಲ್ಲಿನ ಬಹುತೇಕ ಕೆಲಸಕ್ಕೆ ಆಧಾರ್ ಓಟಿಪಿ ಕೇಳುತ್ತದೆ.

ಹಂತ 6: ಕೊನೆಯ ದಿನ

ಆಫೀಸಿನ ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆದಿಟ್ಟಿದ್ದರೆ "ಲಿಂಕ್ಡ್ ಡಿವೈಸಸ್" ಪುಟಕ್ಕೆ ಹೋಗಿ ಒಂದೊಂದನ್ನೂ ಲಾಗೌಟ್ ಮಾಡಿ. ಫೋನಿನ ಜೊತೆ ಇನ್ನೂ 4 ಸಾಧನಗಳವರೆಗೆ ಜೋಡಿಸಲು ಬರುತ್ತದೆ. ತೂಕದ ಕಾಟಾ ರೂಮಿನ ಕಂಪ್ಯೂಟರು, ಸ್ಟೋರಿನ ಕಂಪ್ಯೂಟರು ಮರೆತೇ ಹೋಗಿರುತ್ತವೆ.

ನಿಮಗೇ ಗ್ರೂಪ್ ಅಡ್ಮಿನ್ ಹೊಣೆ ಇದ್ದರೆ ಇನ್ನೊಬ್ಬರನ್ನು ಅಡ್ಮಿನ್ ಮಾಡಿ ಹೊರಬನ್ನಿ. ಒಬ್ಬರೇ ಅಡ್ಮಿನ್ ಆಗಿದ್ದು ಹಾಗೇ ಬಿಟ್ಟರೆ ವಾಟ್ಸಾಪ್ ತಾನೇ ಯಾರನ್ನೋ ಒಬ್ಬರನ್ನು ಅಡ್ಮಿನ್ ಮಾಡಿಬಿಡುತ್ತದೆ.

ತೆಗೆಯುವವರೆಗೆ ಕಾಯದೆ ನೀವೇ ಹೊರಬರುವುದು ಗೌರವದ ದಾರಿ. ಈಗ ಗ್ರೂಪ್ ಬಿಟ್ಟರೆ ಅಡ್ಮಿನ್‌ಗಳಿಗೆ ಮಾತ್ರ ಸೂಚನೆ ಹೋಗುತ್ತದೆ. ಹಳೆಯ ಸದಸ್ಯರ ಪಟ್ಟಿಯಲ್ಲಿ ನಿಮ್ಮ ಹೆಸರು 60 ದಿನ ಕಾಣುತ್ತದೆ, ಅಷ್ಟೇ. ಹೊರಬರುವ ಮೊದಲು ಒಂದು ಮೆಸೇಜ್ ಹಾಕಿ. ಅದು ನಮಸ್ಕಾರವೂ ಆಗುತ್ತದೆ, ಸಾಮಾನು ಒಪ್ಪಿಸಿದ್ದಕ್ಕೆ ದಾಖಲೆಯೂ ಆಗುತ್ತದೆ. ಹೀಗಿದ್ದರೆ ಸಾಕು:

"ಎಲ್ಲಾರಿಗೂ ನಮಸ್ಕಾರ್ರಿ. ಇವತ್ತಿಗೆ ನನ್ನ ಡ್ಯೂಟಿ ಮುಗೀತ್ರಿ. ಗೇಟ್ ಪಾಸ್, ಹೆಲ್ಮೆಟ್, ಸೇಫ್ಟಿ ಶೂ, ಲಾಕರ್ ಕೀಲಿ ಸ್ಟೋರಿಗೆ ಒಪ್ಪಿಸೀನ್ರಿ. ಕೂಡಿ ಕೆಲಸ ಮಾಡಿದ ಅಣ್ಣಾರಿಗೂ ಅಕ್ಕಾರಿಗೂ ಶರಣ್ರಿ. ಲೆಕ್ಕದ ಮಾತಿದ್ರ ಇದೇ ನಂಬರಿಗೆ ತಿಳಿಸ್ರಿ."

ಇದನ್ನು ಕಳಿಸಿದ ಮೇಲೆ ಸ್ಕ್ರೀನ್‌ಶಾಟ್ ತೆಗೆಯಿರಿ. ಗ್ರೂಪಿನಲ್ಲಿ ಬಾಕಿಯ ಜಗಳ ಎತ್ತಬೇಡಿ. ಸಿಟ್ಟಿನಲ್ಲಿ ಬರೆದ ಒಂದು ಸಾಲು ನೂರು ಜನರ ಫೋನಿನಲ್ಲಿ ಉಳಿಯುತ್ತದೆ, ಹೊರಬಂದ ಮೇಲೆ ಅದನ್ನು ಅಳಿಸುವ ಅವಕಾಶ ನಿಮಗಿರುವುದಿಲ್ಲ.

ಹಂತ 7: ತೆಗೆದುಬಿಟ್ಟಿದ್ದಾರೆ, ಮೇಲಿನ ಯಾವುದನ್ನೂ ಮಾಡಿಲ್ಲ

ಗಾಬರಿ ಬೇಡ. "ಡಿಲೀಟ್ ಗ್ರೂಪ್", "ಕ್ಲಿಯರ್ ಚಾಟ್" ಎರಡನ್ನೂ ಒತ್ತಬೇಡಿ. ವಾಟ್ಸಾಪ್ ಅಳಿಸಿ ಮತ್ತೆ ಹಾಕಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನಿಮ್ಮನ್ನು ತೆಗೆದ ಸಾಲು, ಅದರ ತಾರೀಕು ಕಾಣುವ ಹಾಗೆ ಮೊದಲ ಸ್ಕ್ರೀನ್‌ಶಾಟ್ ತೆಗೆಯಿರಿ. ಆಮೇಲೆ ಹಂತ 3 ಮತ್ತು 4. ಹೊರಗಿದ್ದರೂ ಹಳೆಯ ಚಾಟನ್ನು ಎಕ್ಸ್‌ಪೋರ್ಟ್ ಮಾಡಲು ಬರುತ್ತದೆ. ಇಳಿಯದೆ ಉಳಿದ ಫೋಟೊಗಳನ್ನು ಇವತ್ತೇ ಒತ್ತಿ ನೋಡಿ, ಈಚಿನವು ಇನ್ನೂ ಸಿಗಬಹುದು. ಸಿಗದಿದ್ದರೆ ಗ್ರೂಪಿನಲ್ಲಿರುವ ನಂಬಿಕಸ್ಥ ಗೆಳೆಯರ ಬಳಿ ಹೋಗಿ, ನಿಮ್ಮ ಹೆಸರಿರುವ ಹಾಜರಿ ಪುಟದ ಸ್ಕ್ರೀನ್‌ಶಾಟ್ ಮಾತ್ರ ಕೇಳಿ. ಅವರು ಇನ್ನೂ ಅಲ್ಲೇ ದುಡಿಯುತ್ತಿದ್ದಾರೆ, ಅವರ ಹೊಟ್ಟೆಪಾಡಿಗೆ ತೊಂದರೆ ಬರದ ಹಾಗೆ ನೋಡಿಕೊಳ್ಳುವುದು ನಿಮ್ಮ ಹೊಣೆ.

ಗ್ರೂಪ್ ಡಿಲೀಟ್ ಆಗಿಯೇ ಹೋಗಿದ್ದರೆ ಬ್ಯಾಕಪ್ ನೋಡಿ. ಡ್ರೈವ್ ಬ್ಯಾಕಪ್ ಸಾಮಾನ್ಯವಾಗಿ ರಾತ್ರಿ ನಡೆಯುತ್ತದೆ. ಬೆಳಿಗ್ಗೆ ಡಿಲೀಟ್ ಮಾಡಿ ಅದೇ ದಿನ ಎಚ್ಚೆತ್ತರೆ ಹಿಂದಿನ ರಾತ್ರಿಯ ಪ್ರತಿಯಲ್ಲಿ ಗ್ರೂಪ್ ಇರುವ ಸಂಭವವಿದೆ. ಮುಂದಿನ ಬ್ಯಾಕಪ್ ಅದರ ಮೇಲೆ ಬರೆಯದಂತೆ ಮೊದಲು ಆಟೊ ಬ್ಯಾಕಪ್ ಬಂದ್ ಮಾಡಿ. ಈ ಒಂದು ಸಂದರ್ಭದಲ್ಲಿ ಮಾತ್ರ ವಾಟ್ಸಾಪ್ ತೆಗೆದು ಮತ್ತೆ ಹಾಕಿ ರಿಸ್ಟೋರ್ ಮಾಡುವುದು ಸರಿ. ಆದರೆ ಬ್ಯಾಕಪ್ಪಿನ ತಾರೀಕು ನೋಡಿಕೊಂಡೇ ಕೈ ಹಾಕಿ. ಬ್ಯಾಕಪ್ಪಿಗೆ ಪಾಸ್‌ವರ್ಡ್ ಇಟ್ಟು ಮರೆತಿದ್ದರೆ ಅದು ತೆರೆಯುವುದಿಲ್ಲ.

ಮತ್ತೆ ಗ್ರೂಪಿಗೆ ಸೇರಿಸಿ ಅಂತ ಅಡ್ಮಿನ್ ಬೆನ್ನು ಹತ್ತಬೇಡಿ. ಬೇರೆ ನಂಬರಿನಿಂದ ಕದ್ದು ಸೇರಲೂ ಬೇಡಿ. ನಿಮಗೆ ಬೇಕಿರುವುದು ಲೆಕ್ಕ, ಗ್ರೂಪಲ್ಲ.

ಹಂತ 8: ಬಾಕಿಯನ್ನು ಬರವಣಿಗೆಯಲ್ಲಿ ಕೇಳಿ

ಫೋನ್ ಮಾಡಿದರೆ "ನಾಳೆ ಬಾ" ಎಂಬ ಉತ್ತರ ಬರುತ್ತದೆ, ಅದಕ್ಕೆ ದಾಖಲೆ ಇರುವುದಿಲ್ಲ. ಸೂಪರ್‌ವೈಸರ್ ಅಥವಾ ಗುತ್ತಿಗೆದಾರರ ಖಾಸಗಿ ನಂಬರಿಗೆ ಮೆಸೇಜ್ ಹಾಕಿ, ಅದನ್ನೇ ಇಮೇಲ್ ಅಥವಾ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ. ಮಾತು ಮೆತ್ತಗಿರಲಿ, ಅಂಕಿ ಖಚಿತವಾಗಿರಲಿ:

"ಸರ್, ನಮಸ್ಕಾರ್ರಿ. ನಾನು ಮೇ 31ಕ್ಕೆ ಕೆಲಸ ಬಿಟ್ಟೀನ್ರಿ. ಮೇ ತಿಂಗಳದಾಗ 26 ಹಾಜರಿ, 18 ತಾಸು ಓಟಿ ಆಗ್ಯಾವ್ರಿ. ಪಗಾರ, ಓಟಿ, ಉಳಿದ ರಜಾದ ರೊಕ್ಕ ಇನ್ನಾ ಬಂದಿಲ್ರಿ. ಸರ್ವಿಸ್ ಸರ್ಟಿಫಿಕೇಟ್, ಪಿಎಫ್‌ದಾಗ ಕೆಲಸ ಬಿಟ್ಟ ತಾರೀಕು ಹಾಕೋದೂ ಬಾಕಿ ಐತ್ರಿ. ಯಾವತ್ತು ಕೊಡ್ತೀರಿ ತಿಳಿಸ್ರಿ."

ಕಾನೂನು ನಿಮ್ಮ ಪರವಾಗಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ರಾಜೀನಾಮೆ ಕೊಟ್ಟರೂ ಕೆಲಸದಿಂದ ತೆಗೆದರೂ ಬಾಕಿ ವೇತನವನ್ನು 2 ಕೆಲಸದ ದಿನಗಳೊಳಗೆ ಕೊಡಬೇಕು. ಓಟಿಗೆ ಮಾಮೂಲಿ ದರದ ಎರಡು ಪಟ್ಟಿಗಿಂತ ಕಡಿಮೆ ಕೊಡುವಂತಿಲ್ಲ. ಗುತ್ತಿಗೆದಾರ ಪಗಾರ ಕೊಡದೆ ಕೈಯೆತ್ತಿದರೆ, ಕೆಲಸ ಮಾಡಿಸಿಕೊಂಡ ಮೂಲ ಕಂಪನಿಯೇ ಕೊಟ್ಟು ಆಮೇಲೆ ಗುತ್ತಿಗೆದಾರರಿಂದ ವಸೂಲಿ ಮಾಡಿಕೊಳ್ಳಬೇಕು. ಆದ್ದರಿಂದ ಪತ್ರದ ಒಂದು ಪ್ರತಿ ಮೂಲ ಕಂಪನಿಯ ಎಚ್‌ಆರ್ ವಿಭಾಗಕ್ಕೂ ಹೋಗಲಿ.

ಪಿಎಫ್ ಬಗ್ಗೆ ಎರಡು ಮಾತು. ಯುಎಎನ್‌ಗೆ ಕೊಟ್ಟ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಬ್ಯಾಲೆನ್ಸ್ ಮೆಸೇಜ್ ಬರುತ್ತದೆ. ಕೆಲಸ ಬಿಟ್ಟ ತಾರೀಕನ್ನು ಮಾಲೀಕರು ಹಾಕದೆ ಬಿಟ್ಟಿದ್ದರೆ, ಕೊನೆಯ ಕಂತು ಬಿದ್ದು 2 ತಿಂಗಳಾದ ಮೇಲೆ ಯುಎಎನ್ ಪೋರ್ಟಲ್ಲಿನ "ಮ್ಯಾನೇಜ್" ವಿಭಾಗದ "ಮಾರ್ಕ್ ಎಕ್ಸಿಟ್" ಮೂಲಕ ನೀವೇ ಹಾಕಬಹುದು. ತಾರೀಕು ಒಮ್ಮೆ ತಪ್ಪು ಹಾಕಿದರೆ ತಿದ್ದಿಸಲು ಮತ್ತೆ ಅಲೆಯಬೇಕಾಗುತ್ತದೆ, ಹಾಗಾಗಿ ಪಾಸ್‌ಬುಕ್ ನೋಡಿಕೊಂಡೇ ತುಂಬಿ. ಈ ಕೆಲಸಕ್ಕೆ ಯಾರಿಗೂ ಓಟಿಪಿ ಹೇಳಬೇಡಿ. ಕೆಲಸ ಬಿಟ್ಟವರ ನಂಬರ್ ಹುಡುಕಿ "ಪಿಎಫ್ ಆಫೀಸಿನಿಂದ ಮಾತಾಡ್ತಿದೀವಿ" ಎನ್ನುವ ಕರೆಗಳು ಬರುತ್ತವೆ. ಮೋಸ ಹೋಗಿದ್ದೀರಿ ಅನ್ನಿಸಿದ ಕ್ಷಣವೇ 1930ಕ್ಕೆ ಕರೆ ಮಾಡಿ.

ಹಂತ 9: ಉತ್ತರ ಬರದಿದ್ದರೆ

ವೇತನದ ಬಾಕಿಗೆ 3 ವರ್ಷದೊಳಗೆ ಅರ್ಜಿ ಹಾಕಲು ಅವಕಾಶವಿದೆ. ಆದರೂ ತಡಮಾಡಬೇಡಿ, ಗುತ್ತಿಗೆ ಮುಗಿದರೆ ಗುತ್ತಿಗೆದಾರರನ್ನು ಹುಡುಕುವುದೇ ಕಷ್ಟ.

ಎಲ್ಲಿಗೆ ಹೋಗಬೇಕು ಎಂಬುದರಲ್ಲಿ ನಮ್ಮ ಭಾಗದವರು ಮೋಸ ಹೋಗುತ್ತಾರೆ. ಉಕ್ಕಿನ ಕಾರ್ಖಾನೆ, ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್, ಜೀನ್ಸ್ ಘಟಕ, ಅಂಗಡಿ, ಖಾಸಗಿ ಆಸ್ಪತ್ರೆ ಇವೆಲ್ಲ ರಾಜ್ಯ ಕಾರ್ಮಿಕ ಇಲಾಖೆಗೆ ಸೇರುತ್ತವೆ. ನಿಮ್ಮ ಜಿಲ್ಲೆಯ ಕಾರ್ಮಿಕ ಅಧಿಕಾರಿಯ ಕಚೇರಿಗೆ ಹೋಗಿ. ಇಲಾಖೆಯ ಸಹಾಯವಾಣಿ 155214. ಆದರೆ ಗಣಿ ಕೆಲಸ, ಅಂದರೆ ಸಂಡೂರಿನ ಅದಿರು ಗಣಿಯಾಗಲಿ ಹಟ್ಟಿಯ ಚಿನ್ನದ ಗಣಿಯಾಗಲಿ, ಕೇಂದ್ರದ ವ್ಯಾಪ್ತಿಗೆ ಬರುತ್ತದೆ. ಅದಕ್ಕೆ ಬಳ್ಳಾರಿಯಲ್ಲಿ ಕೇಂದ್ರ ಸರ್ಕಾರದ ಸಹಾಯಕ ಕಾರ್ಮಿಕ ಆಯುಕ್ತರ ಕಚೇರಿ ಇದೆ. ಗಣಿಯವರು ರಾಜ್ಯದ ಕಚೇರಿಗೆ ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಕಾಯುವುದು ಬೇಡ. ಪಿಎಫ್ ದೂರಿಗೆ ಬಳ್ಳಾರಿಯಲ್ಲೂ ರಾಯಚೂರಿನಲ್ಲೂ ಪ್ರಾದೇಶಿಕ ಕಚೇರಿಗಳಿವೆ.

ಅರ್ಜಿಯ ಜೊತೆ ಹಂತ 1ರ ಲೆಕ್ಕದ ಪುಟ, ಸ್ಕ್ರೀನ್‌ಶಾಟಿನ ಪ್ರಿಂಟು, ಗೇಟ್ ಪಾಸಿನ ಅಥವಾ ಗುರುತಿನ ಚೀಟಿಯ ಪ್ರತಿ, ಪಗಾರ ಬಿದ್ದ ಬ್ಯಾಂಕ್ ಪಾಸ್‌ಬುಕ್ಕಿನ ಪುಟ ಇಡಿ. ಕೊಟ್ಟ ಅರ್ಜಿಯ ಇನ್ನೊಂದು ಪ್ರತಿಗೆ ಕಚೇರಿಯ ಮೊಹರು ಹಾಕಿಸಿಕೊಳ್ಳದೆ ಬರಬೇಡಿ. ವಕೀಲರಿಗೆ ದುಡ್ಡಿಲ್ಲ ಅಂತ ಹಿಂಜರಿಯಬೇಡಿ: ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರ ಪ್ರಕಾರ ಕೈಗಾರಿಕಾ ಕಾರ್ಮಿಕರಿಗೆ, ಎಲ್ಲ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕೋರ್ಟಿನ ಆವರಣದಲ್ಲಿ ಪ್ರಾಧಿಕಾರದ ಕಚೇರಿ ಇರುತ್ತದೆ, ಸಹಾಯವಾಣಿ 15100.

ಕೆಲಸ ಬಿಟ್ಟಿಲ್ಲ, ಆದರೂ ಗ್ರೂಪಿನಿಂದ ತೆಗೆದಿದ್ದಾರೆ

ಇದು ಬೇರೆಯೇ ವಿಷಯ, ಇಲ್ಲಿ ಒಂದು ದಿನವೂ ಸುಮ್ಮನಿರಬೇಡಿ. ಕೆಲವೆಡೆ ಗುತ್ತಿಗೆ ಕೆಲಸಗಾರರನ್ನು ಬಾಯಿಮಾತಿನಲ್ಲೂ ಹೇಳದೆ ಶಿಫ್ಟ್ ಗ್ರೂಪಿನಿಂದ ತೆಗೆದುಬಿಡುತ್ತಾರೆ. ಡ್ಯೂಟಿ ಯಾವಾಗ ಅಂತ ಗೊತ್ತಾಗದೆ ಕೆಲಸಗಾರ ಮನೆಯಲ್ಲೇ ಉಳಿಯುತ್ತಾನೆ. ತಿಂಗಳಾದ ಮೇಲೆ "ಅವನೇ ಕೆಲಸ ಬಿಟ್ಟು ಹೋದ" ಅಂತ ಬರೆದುಕೊಳ್ಳುತ್ತಾರೆ.

ಮರುದಿನ ನಿಮ್ಮ ಮಾಮೂಲಿ ಶಿಫ್ಟ್ ವೇಳೆಗೆ ಗೇಟಿಗೆ ಹೋಗಿ. ಒಳಗೆ ಬಿಡದಿದ್ದರೆ ಅಲ್ಲೇ ನಿಂತು ಸೂಪರ್‌ವೈಸರ್‌ಗೆ ಮೆಸೇಜ್ ಹಾಕಿ: ಇಂಥ ತಾರೀಕು, ಇಂಥ ವೇಳೆ ಡ್ಯೂಟಿಗೆ ಬಂದಿದ್ದೇನೆ, ಒಳಗೆ ಬಿಟ್ಟಿಲ್ಲ, ನಾನು ಕೆಲಸ ಬಿಟ್ಟಿಲ್ಲ, ಡ್ಯೂಟಿ ಎಲ್ಲಿ ತಿಳಿಸಿ ಅಂತ. ಇದನ್ನೇ ಪತ್ರವಾಗಿ ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಗುತ್ತಿಗೆದಾರರಿಗೂ ಮೂಲ ಕಂಪನಿಗೂ ಕಳಿಸಿ ರಸೀದಿ ಇಟ್ಟುಕೊಳ್ಳಿ. ಕೆಲಸಕ್ಕೆ ಸಿದ್ಧರಿದ್ದಿರಿ ಎಂಬುದಕ್ಕೆ ಇದೇ ಆಧಾರ. ಖಾಲಿ ಕಾಗದಕ್ಕೆ ಸಹಿ ಹಾಕಿದರೆ ಬಾಕಿ ಕೊಡುತ್ತೇವೆ ಅಂದರೆ ಹಾಕಬೇಡಿ. ಅದೇ ಕಾಗದ ನಾಳೆ ರಾಜೀನಾಮೆ ಪತ್ರವಾಗುತ್ತದೆ. ಎರಡು ಮೂರು ದಿನದಲ್ಲಿ ಉತ್ತರ ಬರದಿದ್ದರೆ ಕಾರ್ಮಿಕ ಅಧಿಕಾರಿಯ ಕಚೇರಿಗೆ ಹೋಗಿ.

ಹಳೆಯ ಗ್ರೂಪನ್ನು ಯಾವಾಗ ಅಳಿಸಬಹುದು?

ಪೂರ್ತಿ ಲೆಕ್ಕದ ರೊಕ್ಕ ಬ್ಯಾಂಕಿಗೆ ಬಿದ್ದಿರಬೇಕು, ಸರ್ವಿಸ್ ಸರ್ಟಿಫಿಕೇಟ್ ಕೈಗೆ ಬಂದಿರಬೇಕು, ಪಿಎಫ್ ಪೋರ್ಟಲ್ಲಿನಲ್ಲಿ ಕೆಲಸ ಬಿಟ್ಟ ತಾರೀಕು ಕಾಣುತ್ತಿರಬೇಕು, ಪಗಾರದಲ್ಲಿ ಟಿಡಿಎಸ್, ಅಂದರೆ ಆದಾಯ ತೆರಿಗೆ ಮುರಿದುಕೊಂಡಿದ್ದರೆ ಅದರ ಪ್ರಮಾಣಪತ್ರ ಸಿಕ್ಕಿರಬೇಕು. ಈ ನಾಲ್ಕೂ ಆಗುವವರೆಗೆ ಗ್ರೂಪ್ ಫೋನಿನಲ್ಲಿ ಇರಲಿ. ಕಣ್ಣಿಗೆ ಬಿದ್ದಾಗಲೆಲ್ಲ ಮನಸ್ಸಿಗೆ ನೋವಾಗುತ್ತಿದ್ದರೆ ಅದನ್ನು "ಆರ್ಕೈವ್" ಮಾಡಿ: ಮೆಸೇಜುಗಳು ಉಳಿಯುತ್ತವೆ, ಪಟ್ಟಿಯಲ್ಲಿ ಎದುರಿಗೆ ಬರುವುದಿಲ್ಲ. ಆಮೇಲೆ ಗ್ರೂಪ್ ಅಳಿಸಿದರೂ ಲೆಕ್ಕದ ಪುಟ, ಸ್ಕ್ರೀನ್‌ಶಾಟು ಮತ್ತು ಇಮೇಲಿನ ಕಡತವನ್ನು 3 ವರ್ಷ ತುಂಬುವವರೆಗೆ ತೆಗೆಯಬೇಡಿ.